‘ಸುಯಿಸೈಡ್’ ಜೋಡಿಯ ಸಂಗೀತವನ್ನು ಕೇಳುವ ಕ್ರಮ

ನ್ಯೂಯಾರ್ಕಿನ ಅಲನ್ ವೇಗಾ ಮತ್ತು ಮಾರ್ಟಿನ್ ರೆವ್ ಅವರ ‘ಸುಯಿಸೈಡ್’ ಜೋಡಿಯನ್ನು ಹೊಸದಾಗಿ ಕೇಳುವವರು, ಜೋಡಿಯ ಹೆಸರನ್ನೇ ಹೊತ್ತು 1977ರಲ್ಲಿ ಬಂದ ಮೊದಲ ಆಲ್ಬಂನಿಂದಲೇ ಆರಂಭಿಸುವುದು ಒಳ್ಳೆಯದು. ಗಿಟಾರ್ ಇಲ್ಲ, ಡ್ರಮ್ ವಾದಕರೂ ಇಲ್ಲ; ರೆವ್ ಅವರ ಕೀಬೋರ್ಡ್ ಮತ್ತು ತಾಳಯಂತ್ರ ಒಂದೇ ಸಣ್ಣ ಸ್ವರಗುಚ್ಛವನ್ನು ಬಿಡದೆ ಮರುಕಳಿಸುತ್ತಿರುವಾಗ ವೇಗಾ ಪಿಸುಗುಟ್ಟುತ್ತಾರೆ, ಬಿಕ್ಕುತ್ತಾರೆ, ಥಟ್ಟನೆ ಕಿರುಚುತ್ತಾರೆ. ಮೊದಲು ‘ಘೋಸ್ಟ್ ರೈಡರ್’, ಬಳಿಕ ಮೃದುವಾದ ‘ಶೆರೀ’ ಕೇಳಿ. ಕಾರ್ಖಾನೆಯ ಬಡ ಕಾರ್ಮಿಕನೊಬ್ಬ ಹತಾಶೆಯಲ್ಲಿ ತನ್ನ ಕುಟುಂಬವನ್ನೇ ಕೊಲ್ಲುವ ಕಥೆಯುಳ್ಳ, ಹತ್ತು ನಿಮಿಷ ಮೀರಿದ ‘ಫ್ರಾಂಕೀ ಟಿಯರ್‌ಡ್ರಾಪ್’ ಅನ್ನು ಕೊನೆಗೆ ಇಟ್ಟುಕೊಳ್ಳಿ; ಅದರ ಚೀತ್ಕಾರಗಳು ಮುನ್ಸೂಚನೆಯಿಲ್ಲದೆ ಎರಗುವುದರಿಂದ ಹೆಡ್‌ಫೋನಿನ ಧ್ವನಿಯನ್ನು ತಗ್ಗಿಸಿಕೊಳ್ಳುವುದು ಅಗತ್ಯ. ಮನಸ್ಸು ಕುಗ್ಗಿದ ದಿನ ಅದನ್ನು ಕೇಳದಿರುವುದೇ ಲೇಸು.

ನಂತರ ‘ದಿ ಕಾರ್ಸ್’ ಬ್ಯಾಂಡಿನ ಗಾಯಕ ರಿಕ್ ಒಕಾಸೆಕ್ ನಿರ್ಮಿಸಿದ 1980ರ ಎರಡನೆಯ ಆಲ್ಬಂಗೆ ಬನ್ನಿ. ಇಲ್ಲಿ ಧ್ವನಿ ಹೆಚ್ಚು ನಯವಾಗಿದ್ದು, ಮುಂದೆ ಬ್ರಿಟನ್ನಿನಲ್ಲಿ ಬೆಳೆದ ಸಿಂಥ್ ಪಾಪ್ (ಸಿಂಥಸೈಸರ್ ಆಧಾರಿತ ಪಾಪ್ ಸಂಗೀತ) ಜೋಡಿಗಳ ದಾರಿ ಸ್ಪಷ್ಟವಾಗಿ ಕಾಣುತ್ತದೆ. 1988ರ ‘ಎ ವೇ ಆಫ್ ಲೈಫ್’ ಮತ್ತು ಆನಂತರದವುಗಳನ್ನು ಬಿಡುವಾದಾಗ ಕೇಳಿದರೆ ಸಾಕು.

ಈ ಜೋಡಿಯ ಪ್ರಭಾವವನ್ನು ಕಿವಿಯಾರೆ ಅರಿಯಲು, ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ 1982ರ ‘ನೆಬ್ರಾಸ್ಕಾ’ ಆಲ್ಬಂನಲ್ಲಿರುವ ‘ಸ್ಟೇಟ್ ಟ್ರೂಪರ್’ ಹಾಡನ್ನು ‘ಫ್ರಾಂಕೀ’ಯ ಬೆನ್ನಿಗೇ ಕೇಳಿ, ಇಬ್ಬರು ಗಾಯಕರ ಕೂಗುಗಳನ್ನು ಹೋಲಿಸಿ ನೋಡಿ.