ಫಾರ್ಮ್ ಯಾಕೆ ಒಪ್ಪುತ್ತಿಲ್ಲ? ಜಾವಾದಲ್ಲಿ ತಪ್ಪು ಹುಡುಕುವ ಬಗೆ

ಗಂಗಾವತಿಯ ಅಕ್ಕಿ ಗಿರಣಿಯೊಂದಕ್ಕೆ ಜಾವಾದಲ್ಲಿ ವೆಬ್ ಅಪ್ಲಿಕೇಶನ್ ಕಟ್ಟುವ ಚೌಕಟ್ಟಾದ ಸ್ಪ್ರಿಂಗ್ ಬೂಟ್‌ನಲ್ಲಿ ಭತ್ತದ ಬುಕಿಂಗ್ ಫಾರ್ಮ್ ಮಾಡುತ್ತಿದ್ದೀರಿ ಎಂದುಕೊಳ್ಳಿ. ರೈತರ ಹೆಸರು, ಊರು, ಚೀಲ ಎಷ್ಟು, ತರುವ ದಿನ ಯಾವುದು. ನಾಲ್ಕೇ ಖಾನೆ. ಆದರೂ ಒಮ್ಮೆ ಖಾಲಿ ಫಾರ್ಮ್ ಸುಮ್ನೆ ಸೇವ್ ಆಗುತ್ತದೆ, ಇನ್ನೊಮ್ಮೆ ಸರಿಯಾಗಿ ತುಂಬಿದ್ದೂ ವಾಪಸ್ ಬರುತ್ತದೆ. ಇವೆರಡಕ್ಕೂ ಕಾರಣ ಬೇರೆ ಬೇರೆ. ಕೋಡ್ ತಿದ್ದುವ ಮೊದಲು ನಿಮ್ಮದು ಯಾವುದು ನೋಡಿಕೊಳ್ಳಿ.

ಖಾಲಿ ಫಾರ್ಮ್ ಸೇವ್ ಆಗುತ್ತಿದ್ದರೆ ವ್ಯಾಲಿಡೇಶನ್, ಅಂದರೆ ತುಂಬಿದ್ದು ಸರಿ ಇದೆಯೇ ಎಂಬ ತಪಾಸಣೆ, ನಡೆಯುತ್ತಲೇ ಇಲ್ಲದಿರಬಹುದು. 2020ರ ಸ್ಪ್ರಿಂಗ್ ಬೂಟ್ 2.3ರಿಂದ ವೆಬ್ ಸ್ಟಾರ್ಟರ್ (ಬೇಕಾದ ಲೈಬ್ರರಿಗಳ ಕಟ್ಟು) ಜೊತೆ ವ್ಯಾಲಿಡೇಶನ್ ತಾನಾಗಿ ಬರುವುದಿಲ್ಲ. ಅದರ ಸ್ಟಾರ್ಟರ್ ಅನ್ನು ಬೇರೆಯಾಗಿ ಸೇರಿಸಬೇಕು. ಕಂಟ್ರೋಲರ್‌ನಲ್ಲಿ ತುಂಬಿದ್ದನ್ನು ಹಿಡಿದಿಡುವ ಫಾರ್ಮ್ ಆಬ್ಜೆಕ್ಟ್ ಮುಂದೆ ವ್ಯಾಲಿಡ್ ಎಂಬ ಅನೋಟೇಶನ್ (@ ಚಿಹ್ನೆಯ ಗುರುತು) ಇದೆಯೇ ನೋಡಿ. ಆಮೇಲೆ ಇಂಪೋರ್ಟ್ ಸಾಲು. 2022ರಲ್ಲಿ ಬಂದ ಬೂಟ್ 3ರಲ್ಲಿ ಪ್ಯಾಕೇಜ್ ಹೆಸರಿನ ಮೊದಲಿದ್ದ ಜಾವಾಎಕ್ಸ್ ಹೋಗಿ ಜಕಾರ್ತಾ ಬಂತು. ಹಳೆಯ ಇಂಪೋರ್ಟ್ ಇದ್ದು ಅದರ ಹಳೆಯ ಜಾರ್ (ಲೈಬ್ರರಿ ಫೈಲ್) ಉಳಿದುಕೊಂಡಿದ್ದರೆ ಕೋಡ್ ಕಂಪೈಲ್ ಆಗುತ್ತದೆ, ಆದರೆ ಯಾವ ನಿಯಮವೂ ಲೆಕ್ಕಕ್ಕೆ ಬರುವುದಿಲ್ಲ. ಎರರ್ ಕೂಡ ಕಾಣುವುದಿಲ್ಲ, ಅದೇ ಕಿರಿಕಿರಿ.

ಎಲ್ಲ ಸರಿ ಇದ್ದೂ ಖಾಲಿ ಹೆಸರು ಒಳಗೆ ಹೋಗುತ್ತಿದೆಯಾ? ನಾಟ್‌ನಲ್ ಎಂಬ ನಿಯಮ ಬಳಸಿರುತ್ತೀರಿ. ಅದು ನಲ್ ಅನ್ನು, ಅಂದರೆ ಬೆಲೆಯೇ ಇಲ್ಲದ್ದನ್ನು, ಮಾತ್ರ ತಡೆಯುತ್ತದೆ. ಬ್ರೌಸರ್ ಖಾಲಿ ಖಾನೆಯನ್ನು ನಲ್ ಎಂದು ಕಳಿಸುವುದಿಲ್ಲ, ಖಾಲಿ ಸ್ಟ್ರಿಂಗ್ (ಒಂದೂ ಅಕ್ಷರವಿಲ್ಲದ ಪಠ್ಯ) ಕಳಿಸುತ್ತದೆ. ಬರೀ ಸ್ಪೇಸ್ ಒತ್ತಿದರೆ ನಾಟ್‌ಎಂಪ್ಟಿಯೂ ಒಳಗೆ ಬಿಟ್ಟುಬಿಡುತ್ತದೆ. ಹೆಸರಿಗೆ ನಾಟ್‌ಬ್ಲಾಂಕ್ ಹಾಕಿ.

ಇನ್ನು ಸಬ್‌ಮಿಟ್ ಒತ್ತಿದ ಕೂಡಲೇ ಬಿಳಿ ಪುಟದಲ್ಲಿ 400 ಎರರ್ ಬಂದರೆ, ಕಂಟ್ರೋಲರ್ ಮೆಥಡ್‌ನಲ್ಲಿ ತಪ್ಪುಗಳನ್ನು ಹಿಡಿದಿಡುವ ಬೈಂಡಿಂಗ್‌ರಿಸಲ್ಟ್ ಎಲ್ಲಿದೆ ನೋಡಿ. ಅದು ಫಾರ್ಮ್ ಆಬ್ಜೆಕ್ಟ್ ಆದ ಕೂಡಲೇ ಬರಬೇಕು. ನಡುವೆ ಮಾಡೆಲ್ (ಪುಟಕ್ಕೆ ಮಾಹಿತಿ ಒಯ್ಯುವ ಆಬ್ಜೆಕ್ಟ್) ಬಂದು ಕುಳಿತರೂ ಕೆಲಸ ಕೆಡುತ್ತದೆ.

ಚೀಲದ ಖಾನೆಗೆ ಇಂಟ್ ಬಿಟ್ಟು ಇಂಟಿಜರ್ ಕೊಡಿ. ಖಾನೆ ಖಾಲಿ ಬಿಟ್ಟಾಗ ಇಂಟ್‌ಗೆ ಬೆಲೆ ತುಂಬಲಾಗದೆ ಟೈಪ್‌ಮಿಸ್‌ಮ್ಯಾಚ್ ಎರರ್ ಬರುತ್ತದೆ, ರೈತರ ಮುಂದೆ ಉದ್ದದ ಇಂಗ್ಲಿಷ್ ಸಾಲು ಬೀಳುತ್ತದೆ. ಇಂಟಿಜರ್ ಆದರೆ ನಲ್ ಆಗುತ್ತದೆ. ಅದನ್ನು ನಾಟ್‌ನಲ್ ಹಿಡಿಯುತ್ತದೆ. ದಿನಾಂಕದ ಖಾನೆಯೂ ಹೀಗೇ ಕೈಕೊಡುತ್ತದೆ. ಪರದೆಯಲ್ಲಿ ಹೇಗೇ ಕಂಡರೂ ಬ್ರೌಸರ್ ಕಳಿಸುವುದು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ. ಡೇಟ್‌ಟೈಮ್‌ಫಾರ್ಮ್ಯಾಟ್ ಅನೋಟೇಶನ್‌ಗೆ ಆ ಕ್ರಮವನ್ನೇ ಹೇಳಬೇಕು.

ನಮ್ಮ ಕಡೆ ಜಾಸ್ತಿ ಕಾಡುವುದು ಮಾತ್ರ ಕನ್ನಡದ ಹೆಸರುಗಳು. ಯಾವ ಅಕ್ಷರ ಒಪ್ಪಬೇಕು ಎಂದು ಹೇಳುವ ಪ್ಯಾಟರ್ನ್‌ನಲ್ಲಿ ಎ ಇಂದ ಝಡ್ ಎಂದು ಬರೆದಿದ್ದರೆ ಕಾರಟಗಿಯ ರೈತ ಕನ್ನಡದಲ್ಲಿ ಹೆಸರು ಬರೆದ ಕೂಡಲೇ ಫಾರ್ಮ್ ತಿರಸ್ಕರಿಸುತ್ತದೆ. ಅದಕ್ಕೆ ಎಲ್ಲ ಭಾಷೆಗಳ ಲಿಪಿಗಳಿರುವ ಯುನಿಕೋಡ್‌ನ ಎಲ್ (ಅಕ್ಷರ) ಗುಂಪು ಹಾಕುತ್ತೇವೆ. ಆಗಲೂ ‘ಕೊಪ್ಪಳ’ ಒಳಗೆ ಹೋಗುವುದಿಲ್ಲ! ಯಾಕೆಂದರೆ ಒತ್ತು, ಕೊಂಬು, ಗುಡಿಸು ಎಲ್ಲ ಬರುವುದು ಎಂ (ಚಿಹ್ನೆ) ಗುಂಪಿನಲ್ಲಿ. ಎರಡೂ ಗುಂಪು ಬೇಕು, ಜೊತೆಗೆ ಸ್ಪೇಸ್ ಬೇಕು, ಇನಿಶಿಯಲ್‌ಗೆ ಚುಕ್ಕಿಯೂ ಬೇಕು. ಕೆಲವು ಕೀಬೋರ್ಡ್‌ಗಳು ಸೇರಿಸುವ ಕಣ್ಣಿಗೆ ಕಾಣದ ಜಾಯ್ನರ್‌ಗಳು ಈ ಎರಡರಲ್ಲೂ ಇಲ್ಲ, ಅವಕ್ಕೂ ಜಾಗ ಕೊಡಿ. ನನ್ನ ಪ್ರಕಾರ ಹೆಸರಿಗೆ ಪ್ಯಾಟರ್ನೇ ಬೇಡ, ನಾಟ್‌ಬ್ಲಾಂಕ್ ಮತ್ತು ಸೈಜ್ (ಉದ್ದದ ಮಿತಿ) ಸಾಕು.

ಸೈಜ್ ಹಾಕುವಾಗಲೂ ಕೈ ಸ್ವಲ್ಪ ಧಾರಾಳವಾಗಿರಲಿ. ನಮಗೆ ‘ಬಳ್ಳಾರಿ’ ಮೂರು ಅಕ್ಷರ, ಜಾವಾಕ್ಕೆ 7. ಮ್ಯಾಕ್ಸ್ 20 ಎಂದಿಟ್ಟರೆ ತಂದೆಯ ಹೆಸರು, ಮನೆತನದ ಹೆಸರು ಸೇರಿಸಿ ಬರೆಯುವವರು ಹೊರಗೇ ಉಳಿಯುತ್ತಾರೆ. 100 ಇಡಿ, ಏನೂ ನಷ್ಟವಿಲ್ಲ.

ತಪ್ಪು ಹಿಡಿದರೂ ಪುಟದಲ್ಲಿ ಸಂದೇಶ ಕಾಣದಿದ್ದರೆ ರಿಡೈರೆಕ್ಟ್ ಮಾಡುತ್ತಿದ್ದೀರಾ, ಅಂದರೆ ಬ್ರೌಸರ್‌ಗೆ ಹೊಸದಾಗಿ ಪುಟ ಕೇಳಲು ಹೇಳುತ್ತಿದ್ದೀರಾ ನೋಡಿ. ರಿಡೈರೆಕ್ಟ್ ಆದರೆ ಎರರ್‌ಗಳು ಕಳೆದುಹೋಗುತ್ತವೆ. ತಪ್ಪಿದ್ದಾಗ ಅದೇ ಫಾರ್ಮ್ ಪುಟದ ಹೆಸರನ್ನು ನೇರವಾಗಿ ರಿಟರ್ನ್ ಮಾಡಿ. ಸಂದೇಶಗಳನ್ನು ಮೆಸೇಜಸ್ ಪ್ರಾಪರ್ಟೀಸ್ ಫೈಲಿನಲ್ಲಿ ಕನ್ನಡದಲ್ಲೇ ಬರೆಯಬಹುದು. ಸ್ಪ್ರಿಂಗ್ ಬೂಟ್ ಅದನ್ನು ಕನ್ನಡಕ್ಕೂ ಹೊಂದುವ ಯುಟಿಎಫ್-8 ಎನ್‌ಕೋಡಿಂಗ್ ಎಂದೇ ಓದುತ್ತದೆ, ನಿಮ್ಮ ಎಡಿಟರ್ ಕೂಡ ಹಾಗೇ ಸೇವ್ ಮಾಡಬೇಕು ಅಷ್ಟೇ.