ಒಸಡಿನಲ್ಲಿ ರಕ್ತವೇ? ಮನೆಮದ್ದು ಎಷ್ಟು, ಹೇಗೆ, ಎಲ್ಲಿಯವರೆಗೆ

ಹಲ್ಲುಜ್ಜಿ ಉಗುಳಿದ ನೊರೆಯಲ್ಲಿ ಕೆಂಪು ಕಂಡ ಕೂಡಲೇ ಹೆಚ್ಚಿನವರು ಆ ಜಾಗಕ್ಕೆ ಬ್ರಷ್ ತಾಗಿಸುವುದನ್ನೇ ಬಿಡುತ್ತಾರೆ. ಜೊತೆಗೆ ಮೆಡಿಕಲ್ ಶಾಪಿನಿಂದ ವಿಟಮಿನ್ ಸಿ ಮಾತ್ರೆ ತಂದು ಚೀಪತೊಡಗುತ್ತಾರೆ. ಮಾಡಬೇಕಾದದ್ದು ಇದರ ತದ್ವಿರುದ್ಧ. ರಕ್ತ ಬರುವುದು ಬಹುಪಾಲು ಹಲ್ಲು ಮತ್ತು ಒಸಡು ಕೂಡುವ ಅಂಚಿನ ಪಾಚಿಯಿಂದ. ಅದು ಬ್ಯಾಕ್ಟೀರಿಯಾಗಳ ಅಂಟು ಪದರ. ಹಾಗೇ ಬಿಟ್ಟರೆ ಜೊಲ್ಲಿನ ಖನಿಜಾಂಶ ಸೇರಿ ಕೆಲವೇ ದಿನಗಳಲ್ಲಿ ಗಟ್ಟಿ ಗಾರೆಯಾಗುತ್ತದೆ. ಗಾರೆಯನ್ನು ಕರಗಿಸುವ ಎಣ್ಣೆಯೂ ಇಲ್ಲ, ಚೂರ್ಣವೂ ಇಲ್ಲ. ದಂತವೈದ್ಯರೇ ಕೆರೆದು ತೆಗೆಯಬೇಕು.

ಮೊದಲು ಬ್ರಷ್

ಮೃದು ಎಳೆಯ ಬ್ರಷ್ಷನ್ನು ಒಸಡಿನ ಕಡೆಗೆ 45 ಡಿಗ್ರಿ ಓರೆ ಹಿಡಿಯಿರಿ. ಎಳೆಯ ತುದಿ ಒಸಡಿನ ಅಂಚಿಗೆ ತಾಗಿರಬೇಕು. ಒಮ್ಮೆಗೆ ಎರಡು ಮೂರು ಹಲ್ಲು, ಅಲ್ಲಲ್ಲೇ ಸಣ್ಣಗೆ ಅಲುಗಿಸಿ ಮುಂದೆ ಸರಿಯಿರಿ. ಬೆಳಿಗ್ಗೆ, ರಾತ್ರಿ ಎರಡೆರಡು ನಿಮಿಷ. ಹಲ್ಲಿನ ಸಂದಿಗೆ ಫ್ಲಾಸ್ ದಾರ. ಮೊದಲ ಕೆಲವು ದಿನ ರಕ್ತ ಬರುತ್ತಲೇ ಇರಬಹುದು, ಹೆದರಿ ನಿಲ್ಲಿಸಬೇಡಿ. ಉರಿಯೂತ ಮೇಲುಮೇಲಿನದಾಗಿದ್ದರೆ ಎರಡು ವಾರದೊಳಗೆ ಕಡಿಮೆಯಾಗುತ್ತದೆ.

ಆಮೇಲೆ ಮನೆಮದ್ದು

ಉಪ್ಪುನೀರು: ಒಂದು ಲೋಟ (200 ಮಿ.ಲೀ.) ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ ಪೂರ್ತಿ ಕರಗಿಸಿ. ದಿನಕ್ಕೆ ಎರಡು ಮೂರು ಸಲ, ಪ್ರತಿ ಗುಟುಕನ್ನೂ ಅರ್ಧ ನಿಮಿಷ ಮುಕ್ಕಳಿಸಿ. ಊತ, ನೋವು ತುಸು ಇಳಿಯುತ್ತದೆ. ಹರಳುಪ್ಪನ್ನು ಬೆರಳಲ್ಲಿ ತಿಕ್ಕುವುದು ಬೇರೆಯೇ ಕೆಲಸ. ಅದು ಒಸಡನ್ನು ತರಚುತ್ತದೆ. ಇದ್ದಿಲು ಪುಡಿಗೂ ಇದೇ ಮಾತು. ನಿಂಬೆಹೋಳು ತಿಕ್ಕಿದರೆ ಹುಳಿಯು ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ತಿನ್ನುತ್ತದೆ.

ಎಣ್ಣೆ ಮುಕ್ಕಳಿಸುವುದು: ಬರಿ ಹೊಟ್ಟೆಯಲ್ಲಿ, ಎರಡು ಟೀ ಚಮಚ ಎಳ್ಳೆಣ್ಣೆ ಅಥವಾ ಕೊಬ್ಬರಿ ಎಣ್ಣೆ, ಹತ್ತು ನಿಮಿಷ. ಎಣ್ಣೆ ತೆಳುವಾಗಿ ಬೆಳ್ಳಗಾದ ಮೇಲೆ ಉಗುಳಿ, ಹಲ್ಲುಜ್ಜಿ. ತಲೆ ಹಿಂದಕ್ಕೆ ವಾಲಿಸಿ ಗಂಟಲಲ್ಲಿ ಗಳಗಳ ಮಾಡಬಾರದು. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುವುದುಂಟು; ಚಿಕ್ಕ ಮಕ್ಕಳಿಗೆ ಬೇಡವೇ ಬೇಡ. ಉಗುಳುವುದು ಸಿಂಕಿಗಲ್ಲ, ಕಸದ ಬುಟ್ಟಿಗೆ. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಪೈಪಿನೊಳಗೇ ಹೆಪ್ಪುಗಟ್ಟುತ್ತದೆ.

ಲವಂಗದೆಣ್ಣೆ: ಅರ್ಧ ಚಮಚ ಕೊಬ್ಬರಿ ಎಣ್ಣೆಗೆ ಒಂದೇ ಹನಿ. ಹತ್ತಿಯಲ್ಲಿ ಅದ್ದಿ ನೋಯುವ ಜಾಗಕ್ಕೆ ಒತ್ತಿ. ಕೊಬ್ಬರಿ ಎಣ್ಣೆ ಬೆರೆಸದೆ ಹಾಗೇ ಹಚ್ಚಿದರೆ ಒಸಡು ಸುಟ್ಟು ಬಿಳಿ ಪೊರೆ ಏಳುತ್ತದೆ. ಇದರಲ್ಲಿರುವ ಯೂಜಿನಾಲ್ ಜೋಮು ಹಿಡಿಸುತ್ತದೆ, ಅಷ್ಟೇ. ಒಳಗೆ ಕೀವಿದ್ದರೆ ಅದು ಅಲ್ಲೇ ಇರುತ್ತದೆ. ಸೀಸೆ ಮಕ್ಕಳ ಕೈಗೆ ಸಿಗದಿರಲಿ, ನುಂಗಿದರೆ ಅಪಾಯ.

ಮಾತ್ರೆಗಳ ವಿಷಯ

ವಿಟಮಿನ್ ಸಿ ಮೇಲಿನ ನಂಬಿಕೆಗೆ ಬುಡವಿದೆ. ಅದು ತೀರ ಕಡಿಮೆಯಾದರೆ ಸ್ಕರ್ವಿ ಬಂದು ಒಸಡು ಬಾತು ರಕ್ತ ಒಸರುತ್ತದೆ. 1747ರಲ್ಲಿ ಬ್ರಿಟಿಷ್ ಹಡಗಿನ ವೈದ್ಯ ಜೇಮ್ಸ್ ಲಿಂಡ್ ಕಿತ್ತಳೆ, ನಿಂಬೆ ತಿನ್ನಿಸಿ ನಾವಿಕರನ್ನು ಚೇತರಿಸಿದ್ದು ಈ ರೋಗದಿಂದಲೇ. ಆದರೆ ಕೊರತೆ ಇಲ್ಲದವರಿಗೆ ಹೆಚ್ಚುವರಿ ಮಾತ್ರೆ ಪಾಚಿ ತೆಗೆಯುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಪ್ರಕಾರ ದಿನಕ್ಕೆ ಗಂಡಸರಿಗೆ 80, ಹೆಂಗಸರಿಗೆ 65 ಮಿ.ಗ್ರಾಂ. ಸಾಕು. ಒಂದು ಸೀಬೆಹಣ್ಣಿನಲ್ಲೇ ಅದು ಸಿಗುತ್ತದೆ. ನೆಲ್ಲಿಕಾಯಿ ಹಸಿಯಾಗಿ ತಿಂದರೆ ಒಳ್ಳೆಯದು, ಬೇಯಿಸಿದರೆ ಸ್ವಲ್ಪ ನಷ್ಟ. 500 ಮಿ.ಗ್ರಾಂ. ಚೀಪುವ ಮಾತ್ರೆ ಆಮ್ಲವೇ ಆದ್ದರಿಂದ ದವಡೆಯಲ್ಲಿ ಇಟ್ಟುಕೊಂಡಷ್ಟೂ ಎನಾಮಲ್ ಸವೆಯುತ್ತದೆ. ವೈದ್ಯರು ಹೇಳಿದ್ದರೆ ನುಂಗುವ ಮಾತ್ರೆ ಕೇಳಿ. ಕಿಡ್ನಿ ಕಲ್ಲಾಗಿದ್ದವರು ತಾವಾಗಿಯೇ ಶುರು ಮಾಡಬಾರದು.

ಒಸಡಿಗೆಂದು ಮಾರುವ ಕೋಎನ್‌ಜೈಮ್ ಕ್ಯೂ10 ಎಂಬ ಪೂರಕ ಮಾತ್ರೆ ದುಬಾರಿ. ಸದ್ಯಕ್ಕಿರುವ ಪುರಾವೆ ಆ ದುಡ್ಡಿಗೆ ಸಮನಲ್ಲ.

ಯಾವಾಗ ವೈದ್ಯರ ಬಳಿ?

ಎರಡು ವಾರ ಸರಿಯಾಗಿ ಉಜ್ಜಿದರೂ ರಕ್ತ ನಿಲ್ಲದಿದ್ದರೆ, ಕೀವು ಬಂದರೆ, ಹಲ್ಲು ಅಲುಗಾಡಿದರೆ ತಡ ಮಾಡಬೇಡಿ. ಸಕ್ಕರೆ ಕಾಯಿಲೆ ಇರುವವರು, ಗರ್ಭಿಣಿಯರು ಎರಡು ವಾರ ಕಾಯುವುದೂ ಬೇಡ. ಬೀಡಿ ಸಿಗರೇಟು ಸೇದುವವರಿಗೆ ರೋಗವಿದ್ದರೂ ರಕ್ತ ಕಾಣದಿರಬಹುದು. ಬಿಪಿಯ ಆಮ್ಲೋಡಿಪಿನ್, ಮೂರ್ಛೆರೋಗದ ಫೆನಿಟೋಯಿನ್ ಮಾತ್ರೆಯಿಂದಲೂ ಕೆಲವರಿಗೆ ಒಸಡು ಉಬ್ಬುತ್ತದೆ. ಅವನ್ನು ನೀವೇ ನಿಲ್ಲಿಸಬೇಡಿ, ಕೊಟ್ಟ ವೈದ್ಯರಿಗೆ ತಿಳಿಸಿ. ಹಲ್ಲು ಕ್ಲೀನ್ ಮಾಡಿಸಲು ಹೋಗುವಾಗ ನುಂಗುತ್ತಿರುವ ಎಲ್ಲದರ ಪಟ್ಟಿ ಒಯ್ಯಿರಿ. ರಕ್ತ ತೆಳುವಾಗಿಸುವ ಮಾತ್ರೆಯ ಜೊತೆ ಬೆಳ್ಳುಳ್ಳಿ ಅಥವಾ ಮೀನೆಣ್ಣೆ ಕ್ಯಾಪ್ಸೂಲ್ ಇದ್ದರೆ, ಅದನ್ನು ವೈದ್ಯರಿಗೆ ಮೊದಲೇ ಹೇಳಿ.