ಫಾರ್ಮಸಿ ಕಾಲೇಜಿನ ಚರಿತ್ರೆ ಬರೆಯೋದು ಹೇಗೆ? ಮೊದಲು ಇಸವಿಯ ಜಗಳ ಬಿಡಿಸಿ

ಸ್ಮರಣ ಸಂಚಿಕೆಗೆ ಫಾರ್ಮಸಿ ವಿಭಾಗದ ಚರಿತ್ರೆ ಬರೆಯೋ ಕೆಲಸ ನಿಮ್ಮ ತಲೆಗೆ ಕಟ್ಟಿದ್ದಾರಾ? ಹಾಗಾದರೆ ಮೊದಲ ತಕರಾರು ಶುರುವಾದ ವರ್ಷದ್ದೇ. ಹಳೇ ಮೇಷ್ಟ್ರು ಒಂದು ಇಸವಿ ಹೇಳುತ್ತಾರೆ, ಆಫೀಸಿನವರು ಇನ್ನೊಂದು. ಇಬ್ಬರೂ ಸರಿ ಇರಬಹುದು.

ಬನಾರಸ್ ಹಿಂದೂ ವಿಶ್ವವಿದ್ಯಾಲಯವನ್ನೇ ನೋಡಿ. ನಮ್ಮ ದೇಶದಲ್ಲಿ ಫಾರ್ಮಸಿ ವಿಶ್ವವಿದ್ಯಾಲಯದ ಓದಾಗಿದ್ದು ಅಲ್ಲಿ, ಮಹಾದೇವ ಲಾಲ್ ಶ್ರಾಫ್ ಅವರಿಂದ. ಪಾಠ ಶುರುವಾಗಿದ್ದು 1932ರಲ್ಲಿ, ಬಿ.ಫಾರ್ಮ್ ಡಿಗ್ರಿ ಬಂದಿದ್ದು 1937ರಲ್ಲಿ. ಹುಟ್ಟಿದ ವರ್ಷ ಯಾವುದು ಹೇಳಿ ನೋಡೋಣ! ಅದೇ ವಿಭಾಗ ಈಗ ಐಐಟಿ ಬಿಎಚ್‌ಯುನಲ್ಲಿದೆ, ಹೆಸರಲ್ಲಿ ಎಂಜಿನಿಯರಿಂಗ್ ಕೂಡ ಸೇರಿಕೊಂಡಿದೆ.

ಅದಕ್ಕೇ ಒಂದು ಹಾಳೆಯಲ್ಲಿ ಬೇರೆ ಬೇರೆ ಸಾಲು ಹಾಕಿಕೊಳ್ಳಿ: ಮೊದಲ ತರಗತಿ ಯಾವಾಗ, ಎರಡು ವರ್ಷದ ಡಿಪ್ಲೊಮಾ ಯಾವಾಗ, ಡಿಗ್ರಿ ಯಾವಾಗ, ಫಾರ್ಮಸಿ ಓದಿನ ಮೇಲ್ವಿಚಾರಣೆ ನೋಡುವ ಫಾರ್ಮಸಿ ಕೌನ್ಸಿಲ್‌ನ ಒಪ್ಪಿಗೆ ಯಾವಾಗ. ಕೊನೆಯದು ಜಾಸ್ತಿ ಮುಖ್ಯ, ಯಾಕೆಂದರೆ 1948ರ ಫಾರ್ಮಸಿ ಕಾಯ್ದೆ ಬಂದ ಮೇಲೆ ಓದಿದವರು ಫಾರ್ಮಸಿಸ್ಟ್ ಅಂತ ನೋಂದಾಯಿಸಿಕೊಳ್ಳಲು ಅವರ ಕೋರ್ಸಿಗೆ ಕೌನ್ಸಿಲ್ ಒಪ್ಪಿಗೆ ಬೇಕಾಯಿತು. ಫಾರ್ಮ್.ಡಿ (ಡಾಕ್ಟರ್ ಆಫ್ ಫಾರ್ಮಸಿ) ಇದ್ದರೆ 2008ಕ್ಕಿಂತ ಹಿಂದೆ ಹುಡುಕಬೇಡಿ, ಆ ಕೋರ್ಸ್ ಬಂದದ್ದೇ ಆಗ.

ನಮ್ಮ ಕರ್ನಾಟಕದಲ್ಲಿ ಇನ್ನೊಂದು ಗೋಜಲಿದೆ. ಇಲ್ಲಿನ ಹೆಚ್ಚಿನ ಫಾರ್ಮಸಿ ಕಾಲೇಜುಗಳು ಈಗ ಸೇರಿರುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಶುರುವಾಗಿದ್ದು 1996ರಲ್ಲಿ. ಅದಕ್ಕೂ ಹಿಂದಿನ ಕಾಲೇಜುಗಳ ಡಿಗ್ರಿ ಸರ್ಟಿಫಿಕೇಟಿನಲ್ಲಿ ಬೆಂಗಳೂರು, ಮೈಸೂರು, ಹೀಗೆ ಆಯಾ ಕಡೆಯ ವಿಶ್ವವಿದ್ಯಾಲಯದ ಹೆಸರಿರುತ್ತದೆ. ಆರೋಗ್ಯ ವಿವಿ ಕಡತದಲ್ಲಿ ಮೊದಲ ಬ್ಯಾಚ್ ಸಿಗಲಿಲ್ಲ ಅಂತ ಕೈಚೆಲ್ಲಬೇಡಿ, ಹಳೇ ವಿದ್ಯಾರ್ಥಿಯ ಮನೆ ಬೀರು ತೆಗೆಸಿ, ಅಂಕಪಟ್ಟಿ ನೋಡಿ, ಆಮೇಲೆ ಅದರಲ್ಲಿ ಹೆಸರಿರುವ ವಿವಿಯ ಪರೀಕ್ಷಾ ವಿಭಾಗಕ್ಕೆ ಹೋಗಿ.

ಇಸವಿ ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಿಸಿದರೆ ಅದು ಬರೀ ಪಟ್ಟಿ. ಯಾಕೆ ಶುರುವಾಯಿತು ಅಂತಲೂ ಕೇಳಿ. ಬನಾರಸ್‌ನ ಪಾಠ ಶುರುವಾಗುವ ಮುಂಚೆ, 1930-31ರಲ್ಲಿ, ರಾಮನಾಥ ಚೋಪ್ರಾ ಸಮಿತಿ ದೇಶದ ಔಷಧಿ ಮಾರುಕಟ್ಟೆಯನ್ನು ತನಿಖೆ ಮಾಡಿತ್ತು. ಕಲಬೆರಕೆ ಮದ್ದು ತುಂಬಿತ್ತು, ತಡೆಯಲು ಸರಿಯಾದ ಕಾನೂನಿರಲಿಲ್ಲ, ಮದ್ದು ಕಟ್ಟಿಕೊಡುವವರಿಗೆ ತರಬೇತಿಯೂ ಸಾಲದಾಗಿತ್ತು. ನಿಮ್ಮ ಊರಿನಲ್ಲೂ ಏನೋ ಒಂದು ಕಾರಣ ಇದ್ದೇ ಇರುತ್ತದೆ ಅಲ್ವಾ? ಹಳೇ ಲ್ಯಾಬ್ ಅಟೆಂಡರ್ ಹತ್ತಿರ ಒಂದು ಸಂಜೆ ಕೂತು ಕೇಳಿ. ಆಡಳಿತ ಮಂಡಳಿಯವರ ಭಾಷಣಕ್ಕಿಂತ ಅವರ ನೆನಪೇ ವಾಸಿ, ಆದರೆ ಅವರು ಹೇಳಿದ ಇಸವಿಯನ್ನು ಮಾತ್ರ ಹಾಜರಿ ಪುಸ್ತಕದ ಜೊತೆ ತಾಳೆ ನೋಡಿ.